ಸಣ್ಣ ಕಡಲ ತೊಟ್ಟಿ: ನೀರು ತಿಳಿಯಾಗಿದ್ದರೆ ಸಾಲದು

ಫಿಲ್ಟರ್ ಹಗಲೂ ರಾತ್ರಿ ಓಡುತ್ತಿದೆ. ನೀರು ತಿಳಿಯಾಗಿದೆ, ವಾಸನೆಯೂ ಇಲ್ಲ. ಆದರೂ ಎರಡನೆಯ ತಿಂಗಳಿಗೆ ಮರಳಿನ ಮೇಲೆ ಕಂದು ಪದರ ಕೂರುತ್ತದೆ, ಮೂರನೆಯ ತಿಂಗಳಿಗೆ ಕಲ್ಲಿಗೆ ಹಸಿರು ಪಾಚಿ ಹತ್ತುತ್ತದೆ, ಅರಳಿ ನಿಂತಿದ್ದ ಹವಳ ಒಂದು ಬೆಳಿಗ್ಗೆ ಮುದುಡಿಕೊಂಡರೆ ಮತ್ತೆ ತೆರೆಯುವುದೇ ಇಲ್ಲ. ವರ್ಷಗಟ್ಟಲೆ ಸಿಹಿನೀರಿನ ಮೀನು ಸಾಕಿ ಪಳಗಿದವರಿಗೂ ಉಪ್ಪುನೀರಿನ ಸಣ್ಣ ತೊಟ್ಟಿ ಹೀಗೆ ಕೈಕೊಡುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಇನ್ನೂ ದೊಡ್ಡ ಫಿಲ್ಟರ್ ಕೊಳ್ಳುವುದು.

ದುಡ್ಡು ಅಲ್ಲಿ ಹಾಕಬೇಡಿ. ಹವಳದ ತೊಟ್ಟಿಯಲ್ಲಿ ನೀರನ್ನು ಕೆಡಿಸುವ ವಸ್ತುಗಳು ಬಹುಪಾಲು ಕಣ್ಣಿಗೆ ಕಾಣದಂತೆ ಕರಗಿರುತ್ತವೆ. ಸ್ಪಂಜು ಅವನ್ನು ಹಿಡಿಯಲಾರದು. ಅವು ತೊಟ್ಟಿಗೆ ಬರುವುದು ಮುಖ್ಯವಾಗಿ ಎರಡು ದಾರಿಯಲ್ಲಿ: ನೀವು ಸುರಿಯುವ ನೀರು, ನೀವು ಹಾಕುವ ಆಹಾರ. ಒಳಗೆ ಹೋಗುವುದನ್ನು ಮೊದಲು ಲೆಕ್ಕಕ್ಕೆ ತನ್ನಿ. ಹೊರಗೆ ತೆಗೆಯುವ ಸಲಕರಣೆಯ ಮಾತು ಆಮೇಲೆ. ಈ ಲೇಖನದ ಉದ್ದಕ್ಕೂ ಎರಡು ಅಡಿ ಉದ್ದ, ಒಂದು ಅಡಿ ಅಗಲ, 16 ಇಂಚು ಎತ್ತರದ ತೊಟ್ಟಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಳತೆಯ ಪ್ರಕಾರ ಅದು ಸುಮಾರು 75 ಲೀಟರ್. ಕಲ್ಲು, ಮರಳು ಇಟ್ಟು ಮೇಲೆ ಸ್ವಲ್ಪ ಜಾಗ ಬಿಟ್ಟರೆ ನಿಜವಾಗಿ ಉಳಿಯುವ ನೀರು 60 ಲೀಟರ್.

ಕಲ್ಲೇ ಫಿಲ್ಟರ್

1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬುವರು ಕಡಲಿನ ಕಲ್ಲು, ಗಾಳಿಗುಳ್ಳೆ, ಬೆಳಕು ಇಷ್ಟರಲ್ಲೇ ಹವಳ ಸಾಕುವ ಬಗೆಯನ್ನು ಅಮೆರಿಕದ ಮೀನು ಹವ್ಯಾಸಿಗಳ ಪತ್ರಿಕೆಯಲ್ಲಿ ಬರೆದರು. ಮುಂದೆ ಜರ್ಮನಿಯ ಹವ್ಯಾಸಿಗಳು ಅದಕ್ಕೆ ನೊರೆಯ ಮೂಲಕ ಕರಗಿದ ಕಸ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಸೇರಿಸಿದರು. ಬರ್ಲಿನ್ ಪದ್ಧತಿ ಎಂದು ಹೆಸರಾದದ್ದು ಅದೇ. ಇಂದಿಗೂ ಮನೆಗಳ ಹವಳದ ತೊಟ್ಟಿಗಳು ನಿಂತಿರುವುದು ಹೆಚ್ಚುಕಡಿಮೆ ಇದೇ ತಳಹದಿಯ ಮೇಲೆ.

ಮೀನಿನ ವಿಸರ್ಜನೆ, ತಿನ್ನದೆ ಉಳಿದ ಆಹಾರ, ಸತ್ತ ಜೀವಿ ಎಲ್ಲವೂ ಕೊಳೆತು ಅಮೋನಿಯಾ ಆಗುತ್ತದೆ. ಕಲ್ಲಿನ ಮೇಲ್ಮೈಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇದು ಸಿಹಿನೀರಿನಲ್ಲೂ ನಡೆಯುವ ಕೆಲಸವೇ. ಆದರೆ ಕಡಲನೀರಿನ ಪಿಎಚ್ 8.2ರ ಆಸುಪಾಸಿನಲ್ಲಿರುತ್ತದೆ, ಮತ್ತು ಪಿಎಚ್ ಒಂದು ಅಂಕ ಏರಿದರೆ ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಪಿಎಚ್ 7ರ ಸಿಹಿನೀರಿನಲ್ಲಿ ಮೀನು ತಡೆದುಕೊಂಡ ಪ್ರಮಾಣ ಇಲ್ಲಿ ಅದರ ಕಿವಿರನ್ನು ಸುಡುತ್ತದೆ. ನೈಟ್ರೈಟ್ ವಿಷಯದಲ್ಲಿ ಮಾತ್ರ ಕಡಲನೀರಿಗೆ ಒಂದು ಅನುಕೂಲ: ಉಪ್ಪಿನ ಕ್ಲೋರೈಡ್ ಅದು ಮೀನಿನ ದೇಹ ಸೇರದಂತೆ ತಡೆಯುತ್ತದೆ. ಹಾಗಾಗಿ ಶುರುವಿನ ವಾರಗಳು ಕಳೆದ ಮೇಲೆ ನೈಟ್ರೈಟ್ ಕಿಟ್ ಬೇಕಾಗುವುದಿಲ್ಲ.

ರಂಧ್ರಗಳಿರುವ ಕಲ್ಲು ಇನ್ನೊಂದು ಕೆಲಸ ಮಾಡುತ್ತದೆ. ಹೊರ ಪದರದಲ್ಲಿ ಆಮ್ಲಜನಕ ಖರ್ಚಾಗಿ, ಒಳಭಾಗದಲ್ಲಿ ಅದು ಇಲ್ಲದ ಪ್ರದೇಶ ಉಂಟಾಗುತ್ತದೆ. ಅಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಫಿಲ್ಟರ್ ಒಳಗೆ ತುಂಬುವ ಪ್ಲಾಸ್ಟಿಕ್ ಬಯೋಬಾಲ್‌ಗಳಿಂದ ಇದು ಆಗದು. ಅವು ಅಮೋನಿಯಾವನ್ನು ಚುರುಕಾಗಿ ನೈಟ್ರೇಟ್ ಮಾಡುತ್ತವೆ, ಅಲ್ಲಿಗೆ ನಿಲ್ಲುತ್ತವೆ. ಅವುಗಳ ಸಂದಿಯಲ್ಲಿ ಸಿಕ್ಕ ಕಸ ವಾರಗಟ್ಟಲೆ ಕೊಳೆಯುತ್ತಾ ಇರುತ್ತದೆ. ಹವ್ಯಾಸಿಗಳು ಇಂಥ ಫಿಲ್ಟರನ್ನು ನೈಟ್ರೇಟ್ ಫ್ಯಾಕ್ಟರಿ ಎಂದು ಕರೆಯುವುದು ಅದಕ್ಕೇ.

ಕಲ್ಲು ಕೆಲಸ ಮಾಡಬೇಕಾದರೆ ನೀರು ಅದನ್ನು ಸುತ್ತಿ ಹರಿಯುತ್ತಿರಬೇಕು. ಮೃದು ಹವಳಗಳ 60 ಲೀಟರ್ ತೊಟ್ಟಿಗೆ ಗಂಟೆಗೆ 1200 ಲೀಟರ್ ದೂಡುವ ಒಂದು ಪವರ್‌ಹೆಡ್ ಸಾಕು. ಕಲ್ಲುಗಳನ್ನು ಹಿಂಬದಿ ಗಾಜಿಗೆ ಒತ್ತಿ ಗೋಡೆಯಂತೆ ಪೇರಿಸಬೇಡಿ. ಹಿಂದೆ ಬೆರಳು ಹೋಗುವಷ್ಟಾದರೂ ಜಾಗ ಬಿಡಿ. ಕಸ ಕೂರುವ ಸತ್ತ ಮೂಲೆ ಇದ್ದಲ್ಲೇ ಪಾಚಿ ಮೊದಲು ಹುಟ್ಟುವುದು.

ಯಾವ ಕಲ್ಲು? ಅರಗೊನೈಟ್ ಜಾತಿಯ ಒಣ ಕಲ್ಲು, ಅಥವಾ ತೊಟ್ಟಿಗೆಂದೇ ತಯಾರಿಸಿದ ಸೆರಾಮಿಕ್ ಕಲ್ಲು 6ರಿಂದ 8 ಕೆಜಿ. ನಮ್ಮ ಗ್ರಾನೈಟಿನಲ್ಲಿ ರಂಧ್ರಗಳಿಲ್ಲ. ಕರಾವಳಿಯ ಮುರಕಲ್ಲಿನಲ್ಲಿ ರಂಧ್ರಗಳೇನೋ ಇವೆ, ಆದರೆ ಅದು ಕಬ್ಬಿಣ ತುಂಬಿದ ಕಲ್ಲು. ಹವಳದ ತೊಟ್ಟಿಗೆ ಬೇಡ.

ನೀರು ಎಲ್ಲಿಂದ?

ಬೆಂಗಳೂರಿನ ಹಲವು ಬಡಾವಣೆಗಳ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ವಸ್ತುಗಳ ಒಟ್ಟು ಪ್ರಮಾಣ, ನೂರಾರು ಪಿಪಿಎಂ, ಕೆಲವೆಡೆ ಸಾವಿರವನ್ನೂ ದಾಟುತ್ತದೆ. ಅದರಲ್ಲಿ ನೈಟ್ರೇಟ್ ಇರಬಹುದು, ಸಿಲಿಕೇಟ್ ಇರಬಹುದು. ಮರಳಿನ ಮೇಲೆ ಕೂರುವ ಕಂದು ಪದರ ಡಯಾಟಂ ಆಗಿದ್ದರೆ ಅದು ತನ್ನ ಚಿಪ್ಪು ಕಟ್ಟಿಕೊಳ್ಳುವುದು ಇದೇ ಸಿಲಿಕೇಟಿನಿಂದ. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಹಾಗಾದರೆ ಅಡುಗೆಮನೆಯ ಆರ್‌ಒ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಸಾಲದು. ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗಾಗಿ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಅದು ಆರ್‌ಒ ಪೊರೆ ದಾಟದ ನೀರನ್ನೇ ಸ್ವಲ್ಪ ಬೆರೆಸಿ ಕೊಡುತ್ತದೆ. ಕೆಲವು ಯಂತ್ರಗಳು ಖನಿಜವನ್ನೂ ಸೇರಿಸುತ್ತವೆ. ಇವೇನೂ ಇಲ್ಲದ ಶುದ್ಧ ಆರ್‌ಒ ಪೊರೆ ಕೂಡ ಕರಗಿದ್ದನ್ನೆಲ್ಲ ತಡೆಯದು: ನೂರಕ್ಕೆ 95 ಭಾಗ ತಡೆದರೂ 600 ಪಿಪಿಎಂ ನೀರು 30 ಆಗಿ ಹೊರಬರುತ್ತದೆ. ದಿನಾ ಆವಿಯಾದಷ್ಟು ನೀರನ್ನು ಮತ್ತೆ ಮತ್ತೆ ಸುರಿಯುವ ತೊಟ್ಟಿಯಲ್ಲಿ ಈ 30 ಸಂಗ್ರಹವಾಗುತ್ತಲೇ ಹೋಗುತ್ತದೆ, ಏಕೆಂದರೆ ಆವಿಯಾಗುವುದು ನೀರು ಮಾತ್ರ.

ಆದ್ದರಿಂದ ಆರ್‌ಒ ಪೊರೆಯ ನಂತರ ಉಳಿದ ಅಯಾನುಗಳನ್ನು ಹಿಡಿಯುವ ಒಂದು ಡಿಐ ರೆಸಿನ್ ಕೊಳವೆ ಸೇರಿಸಿ. ಕಂಟ್ರೋಲರ್, ಖನಿಜ ಕಾರ್ಟ್ರಿಜ್ ಇರುವ ಯಂತ್ರವಾದರೆ ಅವುಗಳಿಗಿಂತ ಮೊದಲೇ ನೀರನ್ನು ಕವಲು ತೆಗೆಯಿರಿ. ಹೊರಬರುವ ನೀರಿಗೆ ಟಿಡಿಎಸ್ ಮೀಟರ್ ಇಟ್ಟರೆ ಸೊನ್ನೆ ತೋರಿಸಬೇಕು. 2 ಅಥವಾ 3 ತೋರಿಸಲು ಶುರುವಾದ ದಿನವೇ ರೆಸಿನ್ ಬದಲಿಸಿ. ಈ ಮೀಟರ್ ಕೆಲವೇ ನೂರು ರೂಪಾಯಿಯದು. ಇಡೀ ಹವ್ಯಾಸದಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಉಪಯೋಗದ ಇನ್ನೊಂದು ಸಲಕರಣೆಯನ್ನು ನಾನು ಕಂಡಿಲ್ಲ.

ಟಿಡಿಎಸ್ ಸೊನ್ನೆ ಎಂದು ನಂಬಿ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಬಳಸುವವರಿದ್ದಾರೆ. ಆ ನೀರು ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಹರಿದು ಬಂದದ್ದು. ಬೆನ್ನೆಲುಬಿಲ್ಲದ ಜೀವಿಗಳಿಗೆ, ಅಂದರೆ ಹವಳ, ಸೀಗಡಿ, ಬಸವನಹುಳುಗಳಿಗೆ, ಅತ್ಯಲ್ಪ ತಾಮ್ರವೂ ಮಾರಕ. ಅಷ್ಟು ಕಡಿಮೆ ತಾಮ್ರವನ್ನು ಟಿಡಿಎಸ್ ಮೀಟರ್ ತೋರಿಸುವುದೂ ಇಲ್ಲ.

ಮಂಗಳೂರು, ಉಡುಪಿ, ಕಾರವಾರದವರಿಗೆ ಸಹಜವಾಗಿ ಕಾಡುವ ಪ್ರಶ್ನೆ ಬೇರೆ: ಕಡಲೇ ಪಕ್ಕದಲ್ಲಿರುವಾಗ ಉಪ್ಪು ಕೊಳ್ಳುವುದೇಕೆ? ದಡದ ನೀರು ನಡುಗಡಲಿನ ನೀರಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ, ಕಾಳಿಯಂಥ ನದಿಗಳ ಸಿಹಿನೀರು ಅಳಿವೆಯ ಸುತ್ತ ಉಪ್ಪಿನಂಶವನ್ನು ತೀರಾ ಕುಗ್ಗಿಸುತ್ತದೆ. ಜೊತೆಗೆ ಹೂಳು, ಚರಂಡಿ, ಮೀನುಗಾರಿಕಾ ಬಂದರಿನ ಡೀಸೆಲ್ ಎಣ್ಣೆ. ಬೇಸಿಗೆಯಲ್ಲಿ, ಅಳಿವೆಯಿಂದ ದೂರ, ದೋಣಿಯಲ್ಲಿ ಒಳಗೆ ಹೋಗಿ ತಂದರೆ ಮಾತು ಬೇರೆ. ಪ್ರತಿ ವಾರ ಹಾಗೆ ತರುವುದು ನಡೆಯುವ ಕೆಲಸವಲ್ಲ. ಕರಾವಳಿಯಲ್ಲಿದ್ದರೂ ಕಡಲನೀರು ತಯಾರಿಸುವ ಸಿದ್ಧ ಉಪ್ಪು, ಅಂದರೆ ಸಾಲ್ಟ್ ಮಿಕ್ಸ್ ಬಳಸುವುದೇ ಕ್ಷೇಮ.

ಒಂದು ಗ್ರಾಂ ಆಹಾರದ ಲೆಕ್ಕ

ನೂರಕ್ಕೆ 45 ಭಾಗ ಪ್ರೋಟೀನ್ ಇರುವ ಒಣ ಆಹಾರ ತೆಗೆದುಕೊಳ್ಳಿ. ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 16 ಭಾಗ ಸಾರಜನಕ. ಅಂದರೆ ಒಂದು ಗ್ರಾಂ ಆಹಾರದಲ್ಲಿ ಸುಮಾರು 72 ಮಿಲಿಗ್ರಾಂ ಸಾರಜನಕ. ಬ್ಯಾಕ್ಟೀರಿಯಾ ನೆಲೆಸದ ಹೊಸ ತೊಟ್ಟಿಯಲ್ಲಿ ಅದಿಷ್ಟೂ ಅಮೋನಿಯಾ ಆದರೆ 60 ಲೀಟರಿನಲ್ಲಿ ಸುಮಾರು 1.5 ಪಿಪಿಎಂ; ಮೀನಿಗೆ ಅಷ್ಟೂ ಅಪಾಯಕಾರಿ. ನೆಲೆಗೊಂಡ ತೊಟ್ಟಿಯಲ್ಲಿ ಅದೇ ಸಾರಜನಕ ನೈಟ್ರೇಟ್ ಆಗಿ ಸುಮಾರು 5 ಪಿಪಿಎಂ ಸೇರಿಸುತ್ತದೆ. ಎರಡು ಪುಟ್ಟ ಕ್ಲೌನ್ ಮೀನುಗಳಿಗೆ ಒಂದು ಗ್ರಾಂ ಒಣ ಆಹಾರ ಒಂದು ವಾರಕ್ಕೆ ಬರುತ್ತದೆ ಎಂದುಕೊಳ್ಳೋಣ. ಕಲ್ಲು, ಪಾಚಿ, ಹವಳ ಏನನ್ನೂ ಹೀರಿಕೊಳ್ಳದ ಅತಿ ಕೆಟ್ಟ ಸ್ಥಿತಿಯಲ್ಲಿ ವಾರಕ್ಕೆ 5 ಪಿಪಿಎಂ ಏರಿಕೆ.

ಈಗ ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸುತ್ತೀರಿ. ಅದರ ಜೊತೆ ಹೊರಹೋಗುವುದೂ ನೈಟ್ರೇಟಿನ ಹತ್ತನೇ ಒಂದು ಭಾಗ ಮಾತ್ರ. ವಾರದ ಏರಿಕೆ 5 ಇದ್ದರೆ, ನೈಟ್ರೇಟ್ 50 ಮುಟ್ಟುವವರೆಗೆ ಒಳಬರುವುದು ಹೊರಹೋಗುವುದಕ್ಕಿಂತ ಹೆಚ್ಚೇ ಇರುತ್ತದೆ. ಏರಿಕೆ ನಿಲ್ಲುವುದು ಅಲ್ಲಿಯೇ. ಬದಲಿಸುವ ನೀರನ್ನು ಐದನೇ ಒಂದು ಭಾಗಕ್ಕೆ ಏರಿಸಿದರೆ 25ಕ್ಕೆ ನಿಲ್ಲುತ್ತದೆ. ನೀರು ಹತ್ತನೇ ಒಂದು ಭಾಗವೇ ಇರಲಿ, ಆಹಾರವನ್ನು ಅರ್ಧಕ್ಕೆ ಇಳಿಸಿದರೂ ಅದು ನಿಲ್ಲುವುದು 25ಕ್ಕೇ.

ಆಹಾರ ಅರ್ಧ ಮಾಡುವುದು, ನೀರು ಎರಡು ಪಟ್ಟು ಬದಲಿಸುವುದು, ಎರಡರ ಫಲವೂ ಒಂದೇ. ಮೊದಲನೆಯದಕ್ಕೆ ಖರ್ಚಿಲ್ಲ. ನಾನು ಈ ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ: ಸಾಕುವವರಲ್ಲಿ ಬಹುಮಂದಿ ಪ್ರೀತಿಯಿಂದಲೇ ಹೆಚ್ಚು ಹಾಕುತ್ತಾರೆ, ಮನೆಯ ಮಕ್ಕಳು, ಅಜ್ಜ ಅಜ್ಜಿ ಎಲ್ಲರೂ ಒಂದೊಂದು ಚಿಟಿಕೆ ಹಾಕುತ್ತಾರೆ. ದಿನದ ಆಹಾರವನ್ನು ಬೆಳಿಗ್ಗೆಯೇ ಒಂದು ಪುಟ್ಟ ಡಬ್ಬಿಗೆ ಅಳೆದಿಡಿ. ಡಬ್ಬಿ ಖಾಲಿಯಾದರೆ ಅಂದಿನ ಊಟ ಮುಗಿಯಿತು. ಒಂದೆರಡು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಹಾಕಿ. ಹೆಪ್ಪುಗಟ್ಟಿದ ಆಹಾರವಾದರೆ ಚಹಾ ಸೋಸುವ ಜರಡಿಯಲ್ಲಿ ಡಿಐ ನೀರಿನಿಂದ ತೊಳೆದು, ಕರಗಿದ ರಸವನ್ನು ಚೆಲ್ಲಿಬಿಡಿ.

ಶುರು ಮಾಡುವ ಕ್ರಮ

ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆರೋಗ್ಯವಾಗಿರುವ ಹಳೆಯ ತೊಟ್ಟಿಯಿಂದ ಒಂದು ತುಂಡು ಕಲ್ಲು, ಒಂದು ಮುಷ್ಟಿ ಮರಳು ಸಿಕ್ಕರೆ ಅದು ಹಾಲಿಗೆ ಹೆಪ್ಪು ಹಾಕಿದಂತೆ. ಕೆಲಸ ಬೇಗ ಹಿಡಿಯುತ್ತದೆ.

1. ಡಿಐ ನೀರಿಗೆ ಸಾಲ್ಟ್ ಮಿಕ್ಸ್ ಬೆರೆಸಿ ಲವಣಾಂಶ 35 ಪಿಪಿಟಿಗೆ (ಸಾವಿರಕ್ಕೆ 35 ಭಾಗ) ತನ್ನಿ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿ ಮಾದರಿ ದ್ರಾವಣದಿಂದ ಸರಿಹೊಂದಿಸಿ. ಬರೀ ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದರೆ 35ರ ಹತ್ತಿರ ತಪ್ಪು ತೋರಿಸಬಹುದು. ಅಡುಗೆ ಉಪ್ಪು ಯಾವ ಕಾರಣಕ್ಕೂ ಬೇಡ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಷಾರಾಂಶದ ಲೆಕ್ಕವೇ ಇರುವುದಿಲ್ಲ.

2. ಕಲ್ಲು, ಮರಳು ಜೋಡಿಸಿ, ಪವರ್‌ಹೆಡ್ ಚಾಲೂ ಮಾಡಿ, ನೀರನ್ನು 26 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಈ ಹಂತದಲ್ಲಿ ದೀಪ ಬೇಡ. ಬೆಳಕು ಕೊಟ್ಟರೆ ಪಾಚಿಗೆ ಹಬ್ಬ.

3. ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ ಏರಿಸಿ. ಬಾಟಲಿ ಬ್ಯಾಕ್ಟೀರಿಯಾ ಬಳಸುವುದಾದರೆ ಈಗಲೇ. ಮೀನನ್ನೇ ಬಿಟ್ಟು ಅದರ ವಿಸರ್ಜನೆಯಿಂದ ಶುರು ಮಾಡುವ ಹಳೆಯ ರೂಢಿ ಕ್ರೂರವಾದದ್ದು, ಅದರ ಅಗತ್ಯವೂ ಇಲ್ಲ.

4. 2 ಪಿಪಿಎಂ ಅಮೋನಿಯಾ 24 ಗಂಟೆಯೊಳಗೆ ಸೊನ್ನೆಗೆ ಇಳಿದು, ನೈಟ್ರೈಟ್ ಕೂಡ ಸೊನ್ನೆಯಾದರೆ ತೊಟ್ಟಿ ಸಿದ್ಧ. ಅರ್ಧದಷ್ಟು ನೀರು ಬದಲಿಸಿ, ಒಂದು ಮೀನು ಬಿಡಿ.

5. ಮುಂದಿನ ಜೀವಿಗೆ ಎರಡು ವಾರವಾದರೂ ಕಾಯಿರಿ. ಬ್ಯಾಕ್ಟೀರಿಯಾದ ಸಂಖ್ಯೆ ಸಿಗುವ ಅಮೋನಿಯಾಕ್ಕೆ ತಕ್ಕಷ್ಟೇ ಇರುತ್ತದೆ. ಒಮ್ಮೆಗೇ ನಾಲ್ಕು ಮೀನು ಬಿಟ್ಟರೆ ಅದು ಬೆಳೆಯಲು ಹೊತ್ತು ಸಿಗದು.

ಯಾವ ಸಲಕರಣೆ, ಯಾವುದು ಬೇಡ

ಫಿಲ್ಟರ್ ಫ್ಲಾಸ್, ಅಂದರೆ ಬಿಳಿ ಪಾಲಿಯೆಸ್ಟರ್ ಹತ್ತಿ, ಒಳ್ಳೆಯ ವಸ್ತು. ಒಂದೇ ಷರತ್ತು: ಮೂರು ದಿನಕ್ಕೊಮ್ಮೆ ತೆಗೆದು ಬಿಸಾಡಬೇಕು. ಹಿಡಿದ ಕಸ ಕೊಳೆಯುವ ಮೊದಲೇ ತೊಟ್ಟಿಯಿಂದ ಆಚೆ ಹೋದರೆ ಅದು ನೈಟ್ರೇಟ್ ಆಗುವ ಪ್ರಶ್ನೆಯೇ ಇಲ್ಲ. ಎರಡು ವಾರ ಬಿಟ್ಟರೆ ಅದೇ ಹತ್ತಿ ಕಾಟವಾಗುತ್ತದೆ.

ಕಡಲ ಅಲೆ ದಡಕ್ಕೆ ಬಡಿದಾಗ ಏಳುವ ನೊರೆಯನ್ನು ನೋಡಿರುತ್ತೀರಿ. ಪ್ರೋಟೀನ್ ಸ್ಕಿಮ್ಮರ್ ಮಾಡುವುದು ಅದನ್ನೇ. ಕರಗಿದ ಸಾವಯವ ಅಣುಗಳಲ್ಲಿ ಹಲವಕ್ಕೆ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ನೀರಿನಿಂದ ದೂರ ಸರಿಯುತ್ತದೆ. ಅವು ಗಾಳಿಗುಳ್ಳೆಯ ಮೈಗೆ ಅಂಟಿಕೊಂಡು ಮೇಲೇರಿ ಬಟ್ಟಲಿನಲ್ಲಿ ಕಂದು ದ್ರವವಾಗಿ ಬೀಳುತ್ತವೆ. ಅಮೋನಿಯಾ ಆಗುವ ಮುನ್ನವೇ ಕಸ ಹೊರಗೆ. ಉಪ್ಪುನೀರಿನಲ್ಲಿ ಗುಳ್ಳೆ ಸಣ್ಣದಾಗಿ, ದಟ್ಟವಾಗಿ ಉಳಿಯುವುದರಿಂದ ಈ ತಂತ್ರ ಇಲ್ಲಿ ಕೆಲಸ ಮಾಡುತ್ತದೆ, ಸಿಹಿನೀರಿನಲ್ಲಿ ಅಷ್ಟಾಗಿ ಇಲ್ಲ. ಜೊತೆಗೆ ನೀರಿಗೆ ಆಮ್ಲಜನಕವೂ ಸೇರುತ್ತದೆ. ಹಾಗಿದ್ದೂ, 60 ಲೀಟರಿಗೆ, ಎರಡು ಮೀನಿಗೆ ಇದು ಕಡ್ಡಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಸಣ್ಣ ತೊಟ್ಟಿಗೆ ಮಾರುವ ಅಗ್ಗದ ಸ್ಕಿಮ್ಮರ್‌ಗಳಲ್ಲಿ ಸರಿಯಾಗಿ ನೊರೆ ಕಟ್ಟುವವು ಕಡಿಮೆ. ಆ ದುಡ್ಡಿನಲ್ಲಿ ವರ್ಷದ ಸಾಲ್ಟ್ ಮಿಕ್ಸ್ ತನ್ನಿ. 100 ಲೀಟರ್ ದಾಟಿದರೆ, ಅಥವಾ ಮೀನು ಮೂರಕ್ಕಿಂತ ಹೆಚ್ಚಾದರೆ ಮಾತ್ರ ಸ್ಕಿಮ್ಮರ್ ಬಗ್ಗೆ ಯೋಚಿಸಿ.

ಸಕ್ರಿಯ ಇಂಗಾಲ ಇಟ್ಟುಕೊಳ್ಳಿ. ಎರಡು ದೊಡ್ಡ ಚಮಚದಷ್ಟನ್ನು ಜಾಲರಿ ಚೀಲದಲ್ಲಿ ತೊಳೆದು ನೀರು ಹರಿಯುವಲ್ಲಿ ಇಡಿ, ಮೂರು ನಾಲ್ಕು ವಾರಕ್ಕೊಮ್ಮೆ ಬದಲಿಸಿ. ನೀರಿನ ಹಳದಿ ಛಾಯೆ, ಮೃದು ಹವಳಗಳು ಪರಸ್ಪರ ಬಿಡುವ ರಾಸಾಯನಿಕಗಳನ್ನು ಅದು ಹೀರುತ್ತದೆ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಶುರುವಿನಲ್ಲಿ ಬೇಡ. ಫಾಸ್ಫೇಟ್ ಒಮ್ಮೆಗೇ ಕುಸಿದರೆ ಹವಳ ಬಿಳಿಚಿಕೊಳ್ಳುತ್ತದೆ.

ವಾರದ ಕೆಲಸ

1. ಹಿಂದಿನ ರಾತ್ರಿ 6 ಲೀಟರ್ ಡಿಐ ನೀರಿಗೆ ಸಾಲ್ಟ್ ಮಿಕ್ಸ್ ಹಾಕಿ. ಬ್ರ್ಯಾಂಡಿಗೆ ತಕ್ಕಂತೆ ಲೀಟರಿಗೆ 36ರಿಂದ 40 ಗ್ರಾಂ ಬೇಕಾಗುತ್ತದೆ. ನೀರಿಗೆ ಉಪ್ಪು ಹಾಕಬೇಕು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯಾಗಿ ಕೂತುಬಿಡುತ್ತದೆ. ಪುಟ್ಟ ಪಂಪು ಇಟ್ಟು ರಾತ್ರಿಯಿಡೀ ತಿರುಗಲು ಬಿಡಿ.

2. ಬೆಳಿಗ್ಗೆ ಲವಣಾಂಶ, ಉಷ್ಣತೆ ಅಳೆಯಿರಿ. ತೊಟ್ಟಿಗೂ ಹೊಸ ನೀರಿಗೂ ಒಂದು ಡಿಗ್ರಿ, ಒಂದು ಪಿಪಿಟಿಗಿಂತ ಹೆಚ್ಚು ಅಂತರ ಇರಬಾರದು.

3. ಒಂದು ಪುಟ್ಟ ಪಂಪಿನಿಂದ ಕಲ್ಲುಗಳ ಮೇಲಿನ ಧೂಳನ್ನು ಊದಿ ಎಬ್ಬಿಸಿ, ಅದು ತೇಲುತ್ತಿರುವಾಗಲೇ ಕೊಳವೆಯಿಂದ 6 ಲೀಟರ್ ಹೊರತೆಗೆಯಿರಿ. ನೀರು ಬದಲಿಸುವುದಕ್ಕಿಂತ ಈ ಧೂಳು ಹೊರಹಾಕುವುದೇ ಹೆಚ್ಚಿನ ಲಾಭ.

4. ಹೊಸ ನೀರನ್ನು ನಿಧಾನವಾಗಿ ತುಂಬಿ, ಫ್ಲಾಸ್ ಬದಲಿಸಿ.

5. ಆಲ್ಕಲಿನಿಟಿ (ಕ್ಷಾರಾಂಶ), ನೈಟ್ರೇಟ್, ಫಾಸ್ಫೇಟ್ ಅಳೆದು ಪುಸ್ತಕದಲ್ಲಿ ತಾರೀಕಿನೊಂದಿಗೆ ಬರೆದಿಡಿ. ಒಂದು ದಿನದ ಅಂಕಿಯಿಂದ ಏನೂ ತಿಳಿಯದು. ಸಾಲಾಗಿ ನಾಲ್ಕು ವಾರದ ಅಂಕಿಗಳು ತೊಟ್ಟಿ ಎತ್ತ ಸಾಗುತ್ತಿದೆ ಎಂಬುದನ್ನು ಹೇಳುತ್ತವೆ.

ಎಷ್ಟಿರಬೇಕು?

ಲವಣಾಂಶ 35 ಪಿಪಿಟಿ, ಉಷ್ಣತೆ 25ರಿಂದ 27 ಡಿಗ್ರಿ, ಆಲ್ಕಲಿನಿಟಿ 8 ಡಿಕೆಎಚ್ ಆಸುಪಾಸು, ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಮೆಗ್ನೀಸಿಯಂ 1300ರ ಹತ್ತಿರ. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1. ಅಮೋನಿಯಾ ಸೊನ್ನೆ.

ನೈಟ್ರೇಟ್, ಫಾಸ್ಫೇಟ್ ಸೊನ್ನೆಯಾಗಿಸುವ ಹಠ ಬೇಡ. ಹವಳದೊಳಗಿನ ಸೂಕ್ಷ್ಮ ಪಾಚಿಗೂ ಅವೇ ಆಹಾರ. ಎರಡೂ ಪೂರ್ತಿ ಇಲ್ಲವಾದ ತೊಟ್ಟಿಯಲ್ಲಿ ಡೈನೋಫ್ಲಜಲೇಟ್ ಎಂಬ ಲೋಳೆಲೋಳೆಯ ಕಂದು ಪೊರೆ ಆವರಿಸಬಹುದು, ಗುಳ್ಳೆಗಳಿರುವ ಎಳೆಗಳಾಗಿ ನೇತಾಡಬಹುದು. ಹಸಿರು ಪಾಚಿಗಿಂತ ಅದರ ನಿವಾರಣೆ ಎಷ್ಟೋ ಕಷ್ಟ.

ಅಂಕಿ ಸ್ವಲ್ಪ ಆಚೀಚೆ ಇದ್ದರೂ ಹವಳ ಹೊಂದಿಕೊಳ್ಳುತ್ತದೆ. ದಿನದಿಂದ ದಿನಕ್ಕೆ ಕುಣಿದರೆ ಹೊಂದಿಕೊಳ್ಳದು. ಆಲ್ಕಲಿನಿಟಿ ಕುಸಿದಿದ್ದರೆ ದಿನಕ್ಕೆ ಒಂದು ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. 60 ಲೀಟರಿಗೆ ಒಂದು ಡಿಕೆಎಚ್ ಏರಲು ಸುಮಾರು 1.8 ಗ್ರಾಂ ಶುದ್ಧ ಅಡುಗೆ ಸೋಡಾ ಸಾಕು. ಡಿಐ ನೀರಿನಲ್ಲಿ ಕರಗಿಸಿ, ಹರಿವು ಜೋರಾಗಿರುವಲ್ಲಿ ಹನಿಹನಿಯಾಗಿ ಹಾಕಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬೇಡಿ. ಮೃದು ಹವಳಗಳಷ್ಟೇ ಇದ್ದರೆ ವಾರದ ನೀರು ಬದಲಾವಣೆಯೇ ಇದೆಲ್ಲವನ್ನೂ ಸರಿದೂಗಿಸುತ್ತದೆ.

ಆವಿ, ಸೆಕೆ, ಕರೆಂಟು

ಮಾರ್ಚ್, ಏಪ್ರಿಲ್‌ನ ಒಣಹವೆಯಲ್ಲಿ, ಫ್ಯಾನ್ ತಿರುಗುವ ಕೋಣೆಯಲ್ಲಿ, ಈ ಅಳತೆಯ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಆವಿಯಾಗುವುದು ಹೆಚ್ಚೇನಲ್ಲ. ಐದು ದಿನ ಊರಿಗೆ ಹೋಗಿ ಬಂದಿರಿ ಎನ್ನಿ. 60 ಲೀಟರ್ 55 ಆಗಿರುತ್ತದೆ, ಉಪ್ಪು ಅಷ್ಟೇ ಇರುತ್ತದೆ, 35 ಇದ್ದ ಲವಣಾಂಶ 38 ದಾಟಿರುತ್ತದೆ. ಕಡಿಮೆಯಾದಷ್ಟನ್ನು ಡಿಐ ಸಿಹಿನೀರಿನಿಂದಲೇ ತುಂಬಬೇಕು. ಇಲ್ಲಿ ಉಪ್ಪುನೀರು ಸುರಿಯುವುದು ಹೊಸಬರ ಅತಿ ಸಾಮಾನ್ಯ ತಪ್ಪು. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಟೇಪು ಅಂಟಿಸಿ, ಬೆಳಿಗ್ಗೆ ಸಂಜೆ ಅಲ್ಲಿಗೆ ತುಂಬಿ. ತಾನಾಗಿ ತುಂಬುವ ಆಟೋ ಟಾಪ್ ಆಫ್ ಕೊಂಡರೆ ಅದರ ಡಬ್ಬಿ 5 ಲೀಟರಿನದೇ ಇರಲಿ. ಸೆನ್ಸರ್ ಕೆಟ್ಟು ಇಡೀ ಡಬ್ಬಿ ಖಾಲಿಯಾದರೂ ತೊಟ್ಟಿ ಉಳಿಯುತ್ತದೆ.

ನೀರಿನ ಮೇಲ್ಮೈಗೆ ಪುಟ್ಟ ಫ್ಯಾನ್ ಹಾಯಿಸಿದರೆ ಒಣಹವೆಯ ಊರಿನಲ್ಲಿ ಉಷ್ಣತೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಇದು ಸಾಕಾಗಬಹುದು. ಮಂಗಳೂರಿನ ತೇವದ ಗಾಳಿಯಲ್ಲಿ ಆವಿಯಾಗುವುದೇ ಕಡಿಮೆ, ತಂಪೂ ಕಡಿಮೆ. ಅಲ್ಲಿ ಚಿಲ್ಲರ್‌ಗೆ ದುಡ್ಡಿಲ್ಲದಿದ್ದರೆ ಹವಳ ಬೇಡ ಎಂದೇ ಹೇಳುತ್ತೇನೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ 50 ವ್ಯಾಟಿನ ಹೀಟರ್ ಬೇಕು.

25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಕಡಲನೀರು ಹಿಡಿಯುವುದು 6.7ರಷ್ಟು ಮಾತ್ರ. ಕರೆಂಟು ಹೋದಾಗ ಮೀನಿನ ಜೊತೆಗೆ ಬ್ಯಾಕ್ಟೀರಿಯಾವೂ ಆ ಆಮ್ಲಜನಕ ಬಳಸುತ್ತಿರುತ್ತದೆ. ಇನ್ವರ್ಟರ್ ಸಾಲಿಗೆ ಮೊದಲು ಪವರ್‌ಹೆಡ್ ಸೇರಿಸಿ. ದೀಪ, ಹೀಟರ್ ಬೇಡ. ಇನ್ವರ್ಟರ್ ಇಲ್ಲದವರು ಬ್ಯಾಟರಿ ಏರ್ ಪಂಪ್ ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ವೈರುಗಳು ಸಾಕೆಟ್‌ಗಿಂತ ಕೆಳಕ್ಕೆ ಬಾಗಿ ಮೇಲೇರುವಂತೆ ಕಟ್ಟಿ, ಹನಿ ಜಾರಿ ಸಾಕೆಟ್ ಸೇರದಂತೆ. ಉಪ್ಪುನೀರು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಸೋರಿಕೆಯಾದೊಡನೆ ಕರೆಂಟು ಕಡಿಯುವ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಈ ಹವ್ಯಾಸ ಶುರು ಮಾಡಲೇಬೇಡಿ.

ನಮ್ಮ ಮನೆಗಳಲ್ಲಿ ಆಗುವ ತಪ್ಪುಗಳು

ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ದ್ರವದ ಯಂತ್ರ, ಜಿರಳೆ ಸ್ಪ್ರೇ, ಇವುಗಳಲ್ಲಿರುವ ಪೈರೆಥ್ರಾಯ್ಡ್ ಮೀನಿಗೂ ಸೀಗಡಿಗೂ ಅತಿ ವಿಷ. ಏರ್ ಪಂಪು, ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತವೆ ಎಂಬುದು ನೆನಪಿರಲಿ. ತೊಟ್ಟಿ ಇರುವ ಕೋಣೆಗೆ ಸೊಳ್ಳೆಪರದೆ ಸಾಕು. ಮನೆಗೆ ಬಣ್ಣ ಹೊಡೆಸುವಾಗಲೂ ಇದೇ ಎಚ್ಚರ.

ಫಿನೈಲಿನಿಂದ ನೆಲ ಒರೆಸಿದ ಬಕೆಟ್ಟಿನಲ್ಲಿ ಉಪ್ಪುನೀರು ಕಲಸಬೇಡಿ. ತೊಟ್ಟಿಗೆಂದೇ ಎರಡು ಬಕೆಟ್ ಇಟ್ಟು, ಅವುಗಳ ಮೇಲೆ ದೊಡ್ಡದಾಗಿ ಬರೆದಿಡಿ, ಮನೆಗೆಲಸಕ್ಕೆ ಬರುವವರಿಗೂ ತಿಳಿಸಿ. ಎಣ್ಣೆ, ಸೋಪು ಹತ್ತಿದ ಕೈ ನೀರಿಗೆ ಹೋಗಬಾರದು.

ಮೀನಿಗೆ ಬಿಳಿ ಚುಕ್ಕೆ ಬಂತೆಂದು ತಾಮ್ರದ ಔಷಧಿಯನ್ನು ಹವಳದ ತೊಟ್ಟಿಗೇ ಹಾಕುವುದು ಸರಿಪಡಿಸಲಾಗದ ತಪ್ಪು. ಕಲ್ಲು ಆ ತಾಮ್ರವನ್ನು ಹೀರಿಟ್ಟುಕೊಂಡು ಮುಂದೆಯೂ ಬಿಡುತ್ತಿರುತ್ತದೆ. ಮೀನನ್ನು ಬೇರೆ ತೊಟ್ಟಿಗೆ ಒಯ್ದು ಚಿಕಿತ್ಸೆ ಕೊಡಿ.

ಇನ್ನೊಂದು ತಪ್ಪು ಮನುಷ್ಯರ ಪ್ರಾಣಕ್ಕೇ ಸಂಬಂಧಿಸಿದ್ದು. ಬಳಸಿದ ಕಲ್ಲನ್ನು ಶುದ್ಧ ಮಾಡಲೆಂದು ಎಂದಿಗೂ ಕುದಿಸಬೇಡಿ. ಕಲ್ಲಿಗೆ ಅಂಟಿಕೊಂಡು ಬೆಳೆಯುವ ಜೋಆಂಥಿಡ್, ಅದರಲ್ಲೂ ಪ್ಯಾಲಿಥೋವಾ ಜಾತಿಯ ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಅತಿ ತೀವ್ರ ವಿಷ ಇರಬಹುದು. ಕುದಿಸಿದ ಹಬೆಯನ್ನು ಉಸಿರಾಡಿ ಇಡೀ ಕುಟುಂಬಗಳೇ ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ನಡೆದಿವೆ. ಇವನ್ನು ಮುಟ್ಟುವಾಗ ಕೈಗವಸು, ಕನ್ನಡಕ ಎರಡೂ ಬೇಕು.

ಅಮೋನಿಯಾ ಕಂಡರೆ

ಮೀನು ಮೇಲ್ಮೈಗೆ ಬಂದು ಏದುಸಿರು ಬಿಡುತ್ತಿದೆ, ಹವಳಗಳೆಲ್ಲ ಒಮ್ಮೆಗೇ ಮುದುಡಿವೆ. ಮೊದಲು ಅಮೋನಿಯಾ ಅಳೆಯಿರಿ. ಸೊನ್ನೆಗಿಂತ ಹೆಚ್ಚಿದ್ದರೆ ಆಹಾರ ನಿಲ್ಲಿಸಿ, ಸತ್ತ ಬಸವನಹುಳು ಅಥವಾ ಮೀನು ಕಲ್ಲಿನ ಸಂದಿಯಲ್ಲಿದೆಯೇ ಹುಡುಕಿ ತೆಗೆಯಿರಿ, ಏರ್ ಪಂಪು ಹಾಕಿ, ಉಷ್ಣತೆ ಮತ್ತು ಲವಣಾಂಶ ಹೊಂದಿಸಿದ ನೀರಿನಿಂದ ಅರ್ಧದಷ್ಟು ಬದಲಿಸಿ. ಮರುದಿನ ಮತ್ತೆ ಅಳೆಯಿರಿ. ಇಂಥ ಹೊತ್ತಿಗೆಂದು 20ರಿಂದ 30 ಲೀಟರ್ ಡಿಐ ನೀರು, ಒಂದು ಪೊಟ್ಟಣ ಸಾಲ್ಟ್ ಮಿಕ್ಸ್ ಮನೆಯಲ್ಲಿ ಸದಾ ಇರಬೇಕು. ಕಲ್ಲನ್ನು ತೆಗೆದು ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಉಳಿದಿರುವ ಬ್ಯಾಕ್ಟೀರಿಯಾವನ್ನೂ ಕಳೆದುಕೊಳ್ಳುತ್ತೀರಿ.

ಕೊಳ್ಳುವ ಮುನ್ನ

ಗಟ್ಟಿ ಹವಳಗಳೆಲ್ಲವೂ, ಕಡಲ ಬೀಸಣಿಗೆಗಳೂ, ಕಡಲ್ಗುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ. ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದು, ಮಾರುವುದು ಅಪರಾಧ. ಹವಳ ಹತ್ತಿದ ಕಲ್ಲಿಗೂ ಇದು ಅನ್ವಯಿಸುತ್ತದೆ. ಮುರುಡೇಶ್ವರದ ಆಚೆಗಿನ ನೇತ್ರಾಣಿಯಲ್ಲಿ ಡೈವ್ ಮಾಡಿ ಹವಳ ಕಣ್ಣಾರೆ ನೋಡಿ ಬನ್ನಿ. ಅಲ್ಲಿಂದ ಒಂದು ಚೂರೂ ತರಬೇಡಿ. ಮೊದಲ ತೊಟ್ಟಿಗೆ ಮಶ್ರೂಮ್, ಲೆದರ್, ಸ್ಟಾರ್ ಪಾಲಿಪ್‌ನಂಥ ಮೃದು ಹವಳಗಳು ಸಾಕು. ಅವೂ ತೊಟ್ಟಿಯಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳಾಗಿರಲಿ. ಕ್ಲೌನ್ ಮೀನುಗಳನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಕಡಲಿನಿಂದ ಹಿಡಿದ ಮೀನಿಗಿಂತ ಹ್ಯಾಚರಿಯ ಮರಿ ಒಣ ಆಹಾರಕ್ಕೂ ತೊಟ್ಟಿಗೂ ಬೇಗ ಒಗ್ಗುತ್ತದೆ. ಅಂಗಡಿಯವರನ್ನು ಕೇಳಿ: ಇದು ಎಲ್ಲಿಂದ ಬಂತು, ಬಿಲ್ಲು ಕೊಡುತ್ತೀರಾ? ಉತ್ತರ ಸಿಗದಿದ್ದರೆ ಕೊಳ್ಳದೆ ಹೊರಬನ್ನಿ.